ಡಿಸ್ಟಾರ್ಶನ್ ಸಿಮ್ಯುಲೇಶನ್‌ನಲ್ಲಿ 0.003%, ಬೋರ್ಡಲ್ಲಿ 0.045%: ಕ್ಲಾಸ್ ಎಬಿ ಆಂಪಲ್ಲಿ ಈ 2ನೇ ಹಾರ್ಮೋನಿಕ್ ಎಲ್ಲಿಂದ ಬರ್ತಿದೆ?

ಬೆಸುಗೆ_ಪ್ರೇಮಿ

ಎಲ್ರಿಗೂ ನಮಸ್ಕಾರ. ಒಂದು ಕ್ಲಾಸ್ ಎಬಿ ಆಂಪ್ಲಿಫೈಯರ್ (ಔಟ್‌ಪುಟ್‌ನ ಎರಡು ಟ್ರಾನ್ಸಿಸ್ಟರ್ ಅರ್ಧರ್ಧ ಸೈಕಲ್ ಹಂಚ್ಕೊಳ್ಳೋ ಬಗೆ) ಕಟ್ಟಿದೀನಿ. ಡಿಸೈನ್ ಮಾಮೂಲಿದೇ, ಮುಂದೆ ಡಿಫರೆನ್ಷಿಯಲ್ ಪೇರ್, ಅದಕ್ಕೆ ಕರೆಂಟ್ ಮಿರರ್, ಆಮೇಲೆ ವಿಎಎಸ್ (ವೋಲ್ಟೇಜ್ ಏರಿಸೋ ಸ್ಟೇಜ್), ಔಟ್‌ಪುಟ್‌ನಲ್ಲಿ ಡ್ರೈವರ್‌ಗಳು ಮತ್ತೆ ಒಂದು ಜೊತೆ ಪವರ್ ಟ್ರಾನ್ಸಿಸ್ಟರ್, ಎಮಿಟರ್ ರೆಸಿಸ್ಟರ್ 0.22 ಓಮ್. ಸಪ್ಲೈ ±35 ವೋಲ್ಟ್, ಗೇನ್ 23.

ಎಲ್‌ಟಿಸ್ಪೈಸ್ ಸಿಮ್ಯುಲೇಟರ್‌ನಲ್ಲಿ 1 ಕಿಲೋಹರ್ಟ್ಸ್, 8 ಓಮ್‌ಗೆ 25 ವ್ಯಾಟ್ ಕೊಟ್ಟಾಗ ಟಿಎಚ್‌ಡಿ (ಒಟ್ಟು ಹಾರ್ಮೋನಿಕ್ ಡಿಸ್ಟಾರ್ಶನ್) 0.003% ತೋರಿಸ್ತು. ಬೋರ್ಡ್ ಅಳೆದ್ರೆ 0.045%. ಅಂದ್ರೆ ಹದಿನೈದು ಪಟ್ಟು. ಸ್ಪೆಕ್ಟ್ರಮ್ ನೋಡಿದ್ರೆ 2ನೇ ಹಾರ್ಮೋನಿಕ್ (ಕೊಟ್ಟ ಟೋನ್‌ನ ಎರಡು ಪಟ್ಟು ಫ್ರೀಕ್ವೆನ್ಸಿದು) ಟೋನ್‌ಗೆ ಹೋಲಿಸಿ -68 ಡಿಬಿ, 3ನೇದು ಎಲ್ಲೋ ಕೆಳಗೆ -94, 4ನೇದು -76. ಬಯಾಸ್ (ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯೋ ಕರೆಂಟ್) ಏನಾದ್ರೂ ಕಮ್ಮಿ ಆಯ್ತೇನೋ ಅಂತ ಪ್ರೀಸೆಟ್ ಮೇಲೆ ಕೆಳಗೆ ತಿರುಗಿಸಿ ನೋಡ್ದೆ, 2ನೇದು ಕದಲ್ತಾನೇ ಇಲ್ಲ. ಡಿಫರೆನ್ಷಿಯಲ್ ಪೇರ್‌ನ ಎರಡೂ ಕಡೆ ಕರೆಂಟ್ ಅಳೆದೆ, ಸಮವಾಗೇ ಇದೆ. ಇನ್ನೇನು ನೋಡ್ಬೇಕು?

ಗುಂಯ್50

ಮೊದ್ಲು ಅಳತೆ ಸರಿ ಇದ್ಯಾ ನೋಡ್ಕೊಳಿ, ಆಂಪ್ ಮೇಲೆ ಆಮೇಲೆ ಅನುಮಾನ ಪಡೋಣ. ಸೌಂಡ್ ಕಾರ್ಡ್‌ನ ಔಟ್‌ಪುಟ್ ನೇರ ಅದರ ಇನ್‌ಪುಟ್‌ಗೇ ಕೊಟ್ಟು ಲೂಪ್‌ಬ್ಯಾಕ್ ತೆಗೀರಿ, ಆಂಪ್ ಅಳೆಯುವಾಗ ಏನು ಲೆವೆಲ್ ಇತ್ತೋ ಅದೇ ಲೆವೆಲ್‌ನಲ್ಲಿ. 25 ವ್ಯಾಟ್ ಅಂದ್ರೆ 8 ಓಮ್ ಮೇಲೆ 14.1 ವೋಲ್ಟ್ ಆರ್‌ಎಂಎಸ್, ಅದನ್ನ ಹೇಗೆ ಇಳಿಸ್ತಿದೀರಿ ಅಂತ ಹೇಳಿಲ್ಲ. 22ಕೆ ಮತ್ತೆ 1ಕೆ ಮೆಟಲ್ ಫಿಲ್ಮ್ ಹಾಕಿ ಡಿವೈಡರ್ ಮಾಡಿದ್ರೆ 0.61 ವೋಲ್ಟ್ ಬರುತ್ತೆ, ಆರಾಮಾಗಿ ಕಾರ್ಡ್‌ಗೆ ಹೋಗುತ್ತೆ. ಇನ್‌ಪುಟ್ ಕಾಪಾಡೋಕೆ ಅಂತ ಅಲ್ಲಿ ಜೀನರ್ ಡಯೋಡ್ ಹಾಕಿದ್ರೆ ಅದರದ್ದೇ ಡಿಸ್ಟಾರ್ಶನ್ ಸೇರುತ್ತೆ, ಯಾಕಂದ್ರೆ ಡಯೋಡ್‌ನ ಕೆಪಾಸಿಟೆನ್ಸ್ ವೋಲ್ಟೇಜ್ ಜೊತೆ ಬದಲಾಗ್ತಾ ಇರುತ್ತೆ.

ಇನ್ನೊಂದು ವಿಷ್ಯ ತುಂಬ ಜನ ಮರೀತಾರೆ. ಕಾರ್ಡ್‌ದೇ 2ನೇ ಹಾರ್ಮೋನಿಕ್ -100 ಇದ್ದು ಆಂಪ್‌ದೂ -100 ಇದ್ರೆ, ಫೇಸ್ ಕೂಡಿದ್ರೆ -94 ತೋರಿಸುತ್ತೆ, ಎದುರುಬದುರು ಆದ್ರೆ ಒಂದನ್ನೊಂದು ಹೊಡೆದುಹಾಕಿ ಏನೂ ಇಲ್ಲ ಅನ್ನೋ ಹಾಗೆ ಕಾಣುತ್ತೆ. ಕಾರ್ಡ್ 10 ಡಿಬಿ ಚೆನ್ನಾಗಿದ್ರೂ ಮೇಲಕ್ಕೆ 2.4, ಕೆಳಕ್ಕೆ 3.3 ಡಿಬಿ ತಪ್ಪು ಬರಬಹುದು. ಅದಕ್ಕೇ ಲೂಪ್‌ಬ್ಯಾಕ್ ಇಲ್ಲದ ಟಿಎಚ್‌ಡಿ ನಂಬರ್ ನೋಡಿದ್ರೆ ನಾನು ನಂಬಲ್ಲ.

ಬೆಸುಗೆ_ಪ್ರೇಮಿ

ಡಿವೈಡರ್ ನೀವು ಹೇಳಿದ್ದೇ, 22ಕೆ/1ಕೆ, ಜೀನರ್ ಇಲ್ಲ. ಲೂಪ್‌ಬ್ಯಾಕ್‌ನಲ್ಲಿ 2ನೇದು -104, 3ನೇದು -108. ಹಾಗಾಗಿ -68 ಕಾರ್ಡ್‌ದಂತೂ ಅಲ್ಲ.

ಶೇಷತರಂಗ

ಒಳ್ಳೇ ಲೂಪ್‌ಬ್ಯಾಕ್. ಈಗ ಒಂದೇ ಬಿಂದುವಿನಲ್ಲಿ ತೆಗೆದ ಟಿಎಚ್‌ಡಿ ಬಿಟ್ಬಿಡಿ. 25 ವ್ಯಾಟ್ 1 ಕಿಲೋಹರ್ಟ್ಸ್‌ನ ಒಂದು ಅಂಕಿಯಿಂದ ಡಿಸ್ಟಾರ್ಶನ್ ಎಲ್ಲಿ ಹುಟ್ತು ಅಂತ ಯಾರಿಗೂ ಹೇಳೋಕಾಗಲ್ಲ. ಮೂರು ವಿಷ್ಯ ಬದಲಾಯಿಸಿ ನೋಡ್ಬೇಕು, ಲೆವೆಲ್, ಲೋಡ್, ಫ್ರೀಕ್ವೆನ್ಸಿ, ಪ್ರತಿ ಸಲ ಒಂದೊಂದೇ, ಮಿಕ್ಕಿದ್ದು ಮುಟ್ಟಬಾರದು.

ಲೆವೆಲ್ ಯಾಕೆ ಅಂದ್ರೆ, ಡಿಫರೆನ್ಷಿಯಲ್ ಪೇರ್ ಆಗ್ಲಿ ವಿಎಎಸ್ ಆಗ್ಲಿ ಅವುಗಳ ಕರ್ವ್ ಮೆಲ್ಲಗೆ ಬಾಗುತ್ತೆ. ಅಂಥ ಕಡೆ ಸಿಗ್ನಲ್ 10 ಡಿಬಿ ಇಳಿಸಿದ್ರೆ 2ನೇ ಹಾರ್ಮೋನಿಕ್ ಫಂಡಮೆಂಟಲ್‌ಗೆ (ಮೂಲ ಟೋನ್‌ಗೆ) ಹೋಲಿಸಿ ಇನ್ನೂ 10 ಡಿಬಿ ಇಳಿಯುತ್ತೆ, 3ನೇದು 20 ಡಿಬಿ. ಕ್ರಾಸೋವರ್ ಡಿಸ್ಟಾರ್ಶನ್ (ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್‌ನಿಂದ ಇನ್ನೊಂದಕ್ಕೆ ಕೆಲಸ ದಾಟೋವಾಗ ಹುಟ್ಟೋದು) ಹಾಗಲ್ಲ, ಲೆವೆಲ್ ಇಳಿಸಿದ್ರೆ ಶೇಕಡಾವಾರು ಜಾಸ್ತಿ ಆಗೋದೂ ಉಂಟು, ಏಕೆಂದ್ರೆ ಝೀರೋ ಹತ್ರ ಇರೋ ಆ ಕೊರಕು ಅಷ್ಟೇ ಇರುತ್ತೆ, ಸಿಗ್ನಲ್ ಮಾತ್ರ ಚಿಕ್ಕದಾಗುತ್ತೆ. ಲೋಡ್ ತೆಗೆದು ಅದೇ ವೋಲ್ಟೇಜ್ ಕೊಟ್ರೆ ವೋಲ್ಟೇಜ್‌ನಿಂದ ಹುಟ್ಟೋದು ಉಳಿಯುತ್ತೆ, ಕರೆಂಟ್‌ನಿಂದ ಹುಟ್ಟೋದು ಹೋಗುತ್ತೆ.

2.5 ವ್ಯಾಟ್‌ನಲ್ಲಿ ಒಂದು, 0.1 ವ್ಯಾಟ್‌ನಲ್ಲಿ ಒಂದು, ಲೋಡ್ ಇಲ್ಲದೆ ಒಂದು, 25 ವ್ಯಾಟ್‌ನಲ್ಲೇ 5 ಕಿಲೋಹರ್ಟ್ಸ್‌ದು ಒಂದು ತೆಗೆದು ಹಾಕಿ. 5 ಕಿಲೋಹರ್ಟ್ಸ್‌ಗೆ 96 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್ ಇಡಿ. 6ನೇ, 8ನೇ ಹಾರ್ಮೋನಿಕ್ ಅಂಕಿಗಳೂ ಬೇಕು.

ಹಳೇ_ವಾಲ್ವು

ನನ್ನದೊಂದು ಮಾತು, ಬೇಜಾರು ಮಾಡ್ಕೋಬೇಡಿ. 0.003 ಆಗ್ಲಿ 0.045 ಆಗ್ಲಿ ಕಿವಿಗೆ ಏನು ಗೊತ್ತಾಗುತ್ತೆ? ನಾನು ಫೀಡ್‌ಬ್ಯಾಕ್ (ಔಟ್‌ಪುಟ್‌ನ ಪಾಲು ಇನ್‌ಪುಟ್‌ಗೆ ವಾಪಸ್ ಕೊಟ್ಟು ತಪ್ಪು ತಿದ್ದೋದು) ಇಲ್ಲದ ವಾಲ್ವ್ ಆಂಪಲ್ಲಿ ದಿನಾ ಸಂಗೀತ ಕೇಳ್ತೀನಿ, ಜೋರಾಗಿ ಇಟ್ರೆ 1% ದಾಟುತ್ತೆ, ಆದ್ರೂ ಹಾಡೋರ ದನಿ ಎದುರಿಗೇ ಕೂತ ಹಾಗೆ ಬರುತ್ತೆ. ಅಂಕಿ ಇಟ್ಕೊಂಡು ಆಂಪ್ ತೂಗೋದು ನನಗೆ ಒಪ್ಪಿಗೆ ಇಲ್ಲ.

ಶೇಷತರಂಗ

ಸರ್, ನಿಮ್ಮ ಮಾತಲ್ಲಿ ಅರ್ಧ ನಾನೂ ಒಪ್ತೀನಿ. ಟಿಎಚ್‌ಡಿ ಅನ್ನೋದು ಎಲ್ಲಾ ಹಾರ್ಮೋನಿಕ್‌ಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದು ಫಂಡಮೆಂಟಲ್‌ನಿಂದ ಭಾಗಿಸಿದ್ದು, 2ನೇದಕ್ಕೂ 9ನೇದಕ್ಕೂ ಒಂದೇ ಬೆಲೆ ಕೊಡುತ್ತೆ. ಕಿವಿ ಹಾಗೆ ಕೇಳಲ್ಲ, ಫಂಡಮೆಂಟಲ್‌ಗೆ ಹತ್ತಿರ ಇರೋದನ್ನ ಅದೇ ಮುಚ್ಚಿಬಿಡುತ್ತೆ, ದೂರದ್ದು ಬೇರೆಯಾಗಿ ಕೇಳಿಸುತ್ತೆ. ಇದು ಹೊಸ ವಿಷ್ಯ ಅಲ್ಲ, 1950ರಲ್ಲೇ ಬಿಬಿಸಿಯ ಶಾರ್ಟರ್ ಅವ್ರು ಹಾರ್ಮೋನಿಕ್ ಸಂಖ್ಯೆಯ ವರ್ಗವನ್ನ 4ರಿಂದ ಭಾಗಿಸಿ ಅಷ್ಟು ತೂಕ ಕೊಡಿ ಅಂದಿದ್ರು. ಹಾಗೆ ಲೆಕ್ಕ ಹಾಕಿದ್ರೆ 2ನೇದಕ್ಕೆ 1, 3ನೇದಕ್ಕೆ 2.25, 7ನೇದಕ್ಕೆ 12.25 ಬರುತ್ತೆ. ನಿಮ್ಮ ವಾಲ್ವ್‌ನ 1% ಬಹುಪಾಲು 2ನೇದೇ ಇರಬಹುದು, ಹಾಗಾಗಿ ಹಿತವಾಗಿ ಕೇಳೋದ್ರಲ್ಲಿ ಆಶ್ಚರ್ಯ ಇಲ್ಲ.

ಆದ್ರೆ ಇಲ್ಲಿ ಅಳೀತಿರೋದು ಆಂಪ್‌ಗೆ ಮಾರ್ಕ್ಸ್ ಕೊಡೋಕಲ್ಲ. ಡಿಸೈನ್ ಪ್ರಕಾರ ಬರಬಾರದ್ದು ಏನೋ ಬರ್ತಿದೆ, ಅದೆಲ್ಲಿಂದ ಅಂತ ಹುಡುಕೋಕೆ. ಡಾಕ್ಟರು ಜ್ವರ ನೋಡೋ ಹಾಗೆ.

ಹಳೇ_ವಾಲ್ವು

ಹಾಗಾದ್ರೆ ಸರಿ ಮೇಡಂ. ಆದ್ರೆ ಫೀಡ್‌ಬ್ಯಾಕ್ ಹಾಕಿದ್ರೆ ಇಲ್ಲದ ಮೇಲಿನ ಹಾರ್ಮೋನಿಕ್‌ಗಳು ಹುಟ್ಟುತ್ವೆ ಅಂತ ಕೇಳಿದೀನಿ, ಅದು ನಿಜವೋ ಸುಳ್ಳೋ ಹೇಳಿ.

ಶೇಷತರಂಗ

ನಿಜ, ಆದ್ರೆ ಪೂರ್ತಿ ಕತೆ ಬೇರೆ. ಬರೀ 2ನೇದು ಕೊಡೋ ಸ್ಟೇಜ್ ತಗೊಳ್ಳಿ, ಫೀಡ್‌ಬ್ಯಾಕ್ ಕೊಟ್ಟಾಗ ಆ 2ನೇದು ವಾಪಸ್ ಇನ್‌ಪುಟ್‌ಗೆ ಬಂದು ಫಂಡಮೆಂಟಲ್ ಜೊತೆ ಸೇರಿ 3ನೇದನ್ನ ಹುಟ್ಟಿಸುತ್ತೆ, ಅದು ಮತ್ತೆ ತಿರುಗಿ 4ನೇದು, ಹೀಗೆ. 1970ರ ದಶಕದ ಕೊನೆಗೆ ಬ್ರಿಟನ್ನಿನ ಆಡಿಯೊ ಎಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ ಇದನ್ನ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಸ್ಟೇಜ್ ಇಟ್ಕೊಂಡು ಲೆಕ್ಕ ಸಮೇತ ತೋರಿಸಿದ್ರು. ಸ್ವಲ್ಪವೇ ಫೀಡ್‌ಬ್ಯಾಕ್ ಇದ್ದಾಗ ಮೇಲಿನವು ಏರ್ತಾವೆ, ಇನ್ನೂ ಹೆಚ್ಚಿಸ್ತಾ ಹೋದ್ರೆ ಎಲ್ಲವೂ ಇಳೀತಾ ಹೋಗ್ತವೆ. ಅರೆಬರೆ ಫೀಡ್‌ಬ್ಯಾಕ್ ಇದ್ಯಲ್ಲ, ಅದೇ ತೊಂದರೆ. ಹಾಕೋದಾದ್ರೆ ಧಾರಾಳವಾಗಿ ಹಾಕ್ಬೇಕು.

ಹೊಸಕಣ್ಣು

ಮಧ್ಯೆ ಬಾಯಿ ಹಾಕ್ತಿದೀನಿ. ನನ್ನ ಸೌಂಡ್ ಕಾರ್ಡ್ ಗ್ರಾಫ್‌ನಲ್ಲಿ ನಾಯ್ಸ್ ನೆಲ -140 ಹತ್ರ ಕಾಣುತ್ತೆ, ಆದ್ರೆ ಸಾಫ್ಟ್‌ವೇರ್ ಟಿಎಚ್‌ಡಿ+ಎನ್ (ನಾಯ್ಸೂ ಸೇರಿದ್ದು) ಮಾತ್ರ -95 ಅನ್ನುತ್ತೆ. ಯಾವುದು ಸರಿ ಅಣ್ಣ?

ಗುಂಯ್50

ಎರಡೂ ಸರಿ ತಮ್ಮ. ಎಫ್‌ಎಫ್‌ಟಿ (ಸಿಗ್ನಲ್ಲನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ) ಒಟ್ಟು ನಾಯ್ಸನ್ನ ಸಣ್ಣಸಣ್ಣ ಬಿನ್‌ಗಳಿಗೆ ಹಂಚುತ್ತೆ. 65536 ಪಾಯಿಂಟ್ ಇಟ್ರೆ 32768 ಬಿನ್, ಪ್ರತಿ ಬಿನ್‌ಗೆ ಬರೋ ಪಾಲು ಒಟ್ಟಿಗಿಂತ 45 ಡಿಬಿ ಕಮ್ಮಿ. -95ರಿಂದ 45 ಕಳೆದ್ರೆ -140, ನೋಡು ಸರಿಯಾಗಿ ಕೂತ್ಕೊಳ್ತು. ಪಾಯಿಂಟ್ ಎರಡು ಪಟ್ಟು ಮಾಡಿದ್ರೆ ನೆಲ ಇನ್ನೂ 3 ಡಿಬಿ ಕೆಳಗೆ ಹೋಗುತ್ತೆ, ಆದ್ರೆ ಕಾರ್ಡ್ ಒಂದಿಷ್ಟೂ ಒಳ್ಳೇದಾಗಿರಲ್ಲ. ಆವರೇಜಿಂಗ್ ಹಾಕಿದ್ರೆ ನೆಲ ಇಳಿಯಲ್ಲ, ಹುಲ್ಲು ಕತ್ತರಿಸಿದ ಹಾಗೆ ನಯವಾಗುತ್ತೆ ಅಷ್ಟೇ, ಅದರಿಂದ ಸಣ್ಣ ಹಾರ್ಮೋನಿಕ್‌ಗಳು ಎದ್ದು ಕಾಣ್ತವೆ.

ಹಾಗೇ ಟೋನ್ ಸರಿಯಾಗಿ ಒಂದು ಬಿನ್ ಮೇಲೆ ಕೂರೋ ಹಾಗೆ ಮಾಡು. 48 ಕಿಲೋಹರ್ಟ್ಸ್‌ನಲ್ಲಿ 65536 ಪಾಯಿಂಟ್ ಅಂದ್ರೆ ಬಿನ್ ಅಗಲ 0.7324 ಹರ್ಟ್ಸ್, 1365ನೇ ಬಿನ್ 999.756 ಹರ್ಟ್ಸ್‌ಗೆ ಬರುತ್ತೆ. 1000 ಬದಲು ಅದನ್ನ ಕೊಟ್ರೆ ವಿಂಡೋ (ಡೇಟಾದ ಎರಡೂ ತುದಿ ಮೆಲ್ಲಗೆ ಸೊನ್ನೆಗೆ ಇಳಿಸೋದು) ಬೇಕಾಗಲ್ಲ. ಆದ್ರೆ ಇದು ಔಟ್‌ಪುಟ್ ಮತ್ತೆ ಇನ್‌ಪುಟ್ ಎರಡೂ ಒಂದೇ ಕ್ಲಾಕ್‌ನಲ್ಲಿ ಇದ್ದಾಗ ಮಾತ್ರ, ಬೇರೆಬೇರೆ ಆದ್ರೆ ಸುಮ್ಮನೆ ಬ್ಲ್ಯಾಕ್‌ಮನ್-ಹ್ಯಾರಿಸ್ ವಿಂಡೋ ಹಾಕ್ಕೋ.

ಬೆಸುಗೆ_ಪ್ರೇಮಿ

ಶೇಷತರಂಗ ಮೇಡಂ, ನೀವು ಕೇಳಿದ್ದೆಲ್ಲ ತೆಗ್ದೆ.

25 ವ್ಯಾಟ್, 1 ಕಿಲೋಹರ್ಟ್ಸ್: 2ನೇದು -68, 4ನೇದು -76, 6ನೇದು -80, 8ನೇದು -82. ಬೆಸ ಸಂಖ್ಯೆಯವು ಯಾವ್ದೂ -94ಕ್ಕಿಂತ ಮೇಲಿಲ್ಲ.
2.5 ವ್ಯಾಟ್: 2ನೇದು ಮತ್ತೆ -68! ಇಳೀಲೇ ಇಲ್ಲ.
0.1 ವ್ಯಾಟ್: 2ನೇದು -90 ಆಸುಪಾಸು, ನಾಯ್ಸ್‌ನಲ್ಲಿ ಓಲಾಡ್ತಿದೆ.
ಲೋಡ್ ಇಲ್ಲದೆ 14.1 ವೋಲ್ಟ್: 2ನೇದು -97.
25 ವ್ಯಾಟ್, 5 ಕಿಲೋಹರ್ಟ್ಸ್: 2ನೇದು -54.

10 ಡಿಬಿ ಇಳಿಸಿದ್ರೂ ಶೇಕಡಾವಾರು ಅಷ್ಟೇ ಇದೆ ಅಂದ್ರೆ ಏನರ್ಥ?

ನೆಲಗಂಟು

ಇದು ಟ್ರಾನ್ಸಿಸ್ಟರ್ ಮಾಡಿದ್ದಲ್ಲರಿ, ವೈರ್ ಮಾಡಿದ್ದು. ನಿಮ್ಮ ಅಂಕಿನ ಹೇಳ್ತಾವ, ಒಂದೊಂದ ನೋಡ್ರಿ.

ಕ್ಲಾಸ್ ಎಬಿಯೊಳಗ +35ರ ವೈರ್‌ನ್ಯಾಗ ಹರಿಯೋ ಕರೆಂಟ್ ಪೂರ್ತಿ ಸೈನ್ ಅಲ್ಲ, ಅರ್ಧ ಸೈಕಲ್ ಅಷ್ಟ. ಇನ್ನರ್ಧ -35ರ ವೈರ್‌ನ್ಯಾಗ. 25 ವ್ಯಾಟ್‌ಗೆ 2.5 ಆಂಪಿಯರ್ ಪೀಕ್, ಸಣ್ಣದಲ್ಲ. ಹಾಫ್ ವೇವ್ ಬಿಡಿಸಿ ಬರದ್ರ ಅದರಾಗ ಫಂಡಮೆಂಟಲ್ ಬಿಟ್ರ ಸಮ ಸಂಖ್ಯೆ ಹಾರ್ಮೋನಿಕ್ಕ ಇರ್ತಾವ, 2, 4, 6, 8. ಬೆಸ ಒಂದೂ ಇರಂಗಿಲ್ಲ. ನಿಮ್ಮ ಸ್ಪೆಕ್ಟ್ರಮ್ ಹಂಗ ಐತಿ. ಕರೆಂಟ್ ಔಟ್‌ಪುಟ್ ಜೋಡಿನ ಏರಿಳಿತೈತಿ, ಅದಕ್ಕ 2.5 ವ್ಯಾಟ್‌ನ್ಯಾಗೂ ಶೇಕಡಾ ಅಷ್ಟ ಉಳೀತು. 0.1 ವ್ಯಾಟ್‌ನ್ಯಾಗ ಬಿತ್ತು, ಯಾಕಂದ್ರ ಅಲ್ಲಿ ಎರಡೂ ಟ್ರಾನ್ಸಿಸ್ಟರ್ ಕೂಡೇ ನಡಸ್ತಾವ, ಕ್ಲಾಸ್ ಎ ಇದ್ದಂಗ, ಅರ್ಧ ಸೈಕಲ್ ಅನ್ನೋದ ಇಲ್ಲ. ಲೋಡ್ ತಗದ್ರ ಕರೆಂಟ್ ಇಲ್ಲ, ಹಾರ್ಮೋನಿಕ್ಕೂ ಇಲ್ಲ.

ಇನ್ನ ಅದು ಗ್ರೌಂಡ್ ವೈರಿನ ರೆಸಿಸ್ಟೆನ್ಸ್‌ನಿಂದ ಬರಾಕತ್ತೈತೋ ಗಾಳ್ಯಾಗ ಇಂಡಕ್ಷನ್ ಆಗಿ ಬರಾಕತ್ತೈತೋ ಅನ್ನೋದು ಮುಖ್ಯ. ಹಾಫ್ ವೇವ್‌ನೊಳಗ 4ನೇದು 2ನೇದಕ್ಕಿಂತ 14 ಡಿಬಿ ಕಡಿಮಿ, 6ನೇದು 21 ಕಡಿಮಿ. ರೆಸಿಸ್ಟೆನ್ಸ್‌ನಿಂದ ಬಂದಿದ್ರ ಇದ ಅಂತರ ಕಾಣಬೇಕಿತ್ತು. ಇಂಡಕ್ಷನ್ ಆದ್ರ ಫ್ರೀಕ್ವೆನ್ಸಿ ಎರಡು ಪಟ್ಟಾದಾಗ 6 ಡಿಬಿ ಏರತೈತಿ, ಅಂದ್ರ 4ನೇದು 8 ಡಿಬಿ ಕೆಳಗ, 6ನೇದು 12 ಡಿಬಿ ಕೆಳಗ ಬರಬೇಕು. ನಿಮ್ದು -68, -76, -80. ಬರೋಬ್ಬರಿ ಅದ. 5 ಕಿಲೋಹರ್ಟ್ಸ್‌ನ್ಯಾಗ 14 ಡಿಬಿ ಏರೇತಿ, ಐದು ಪಟ್ಟಿಗೆ ಲೆಕ್ಕ ಹಾಕಿದ್ರೂ 14 ಡಿಬಿನ. ಇಷ್ಟು ಚೊಕ್ಕ ಇಂಡಕ್ಷನ್ ಕೇಸ್ ನಾ ಭಾಳ ಕಡಿಮಿ ನೋಡೀನಿ.

ಸಪ್ಲೈ ವೈರ್ ಹೆಂಗ ಎಳದೀರಿ ಹೇಳ್ರಿ.

ಬೆಸುಗೆ_ಪ್ರೇಮಿ

ಕೆಪಾಸಿಟರ್ ಬ್ಯಾಂಕ್‌ನಿಂದ +35 ಬೋರ್ಡ್‌ನ ಎಡ ಅಂಚಲ್ಲಿ ಬರುತ್ತೆ, -35 ಬಲ ಅಂಚಲ್ಲಿ. ಎಡಗಡೆದು ಇನ್‌ಪುಟ್ ಟ್ರಾನ್ಸಿಸ್ಟರ್‌ಗಳ ಪಕ್ಕದಲ್ಲೇ ಹಾದು ಹೋಗುತ್ತೆ.

ನೆಲಗಂಟು

ಅದ ನೋಡ್ರಿ. ಮೊದಲ ಖಾತ್ರಿ ಮಾಡ್ಕೊಳ್ರಿ, ಸ್ಪೆಕ್ಟ್ರಮ್ ಲೈವ್ ಬಿಟ್ಟು ಒಂದು ಒಣ ಕಟ್ಟಿಗಿ ಕಡ್ಡಿಲೇ ಆ ವೈರ್ ಅತ್ತಾಗ ಇತ್ತಾಗ ಸರಸ್ರಿ, ಕೈಲೇ ಮುಟ್ಟಬ್ಯಾಡ್ರಿ. 2ನೇದು ವೈರ್ ಸರಿದಂಗ ಏರಿ ಇಳಿತೈತಿ.

ಆಮ್ಯಾಲ +35, -35, ಗ್ರೌಂಡ್ ಮೂರೂ ಕೂಡಿಸಿ ಬಿಗಿಯಾಗಿ ಹೊಸೀರಿ. ಎರಡೂ ರೇಲ್ ಹತ್ತಿ ಇದ್ರ ಹೊರಗಿನ ಫೀಲ್ಡಿಗೆ ಎರಡು ಅರ್ಧ ಸೇರಿ ಪೂರ್ತಿ ಸೈನ್ ಆಗತೈತಿ, ಅದು ಇನ್‌ಪುಟ್‌ಗೆ ಒಂದೀಟು ತಾಕಿದ್ರೂ ಗೇನ್ ಒಂದು ಕೂದಲೆಳಿಯಷ್ಟು ಬದಲಾಗತೈತಿ, ಹಾರ್ಮೋನಿಕ್ಕ ಹುಟ್ಟಂಗಿಲ್ಲ. ಔಟ್‌ಪುಟ್ ಕಾಯಿಲ್ ಇದ್ರ ಅದನ್ನೂ ನೋಡ್ರಿ, ಅದು ಫೀಡ್‌ಬ್ಯಾಕ್ ತಗೊಂಡ ಜಾಗದ ಆಚಿಗೆ ಇರತೈತಿ, ಅದರಾಗ ಬಂದಿದ್ದನ್ನ ಫೀಡ್‌ಬ್ಯಾಕ್ ತಿದ್ದಂಗಿಲ್ಲ.

ಹೊಸಕಣ್ಣು

ಹಾಗಾದ್ರೆ ಸಿಮ್ಯುಲೇಶನ್‌ನಲ್ಲಿ ಇದು ಯಾಕೆ ಬರ್ಲಿಲ್ಲ?

ಗುಂಯ್50

ಸಿಮ್ಯುಲೇಟರ್‌ಗೆ ವೈರ್ ಅಂದ್ರೆ ಒಂದು ಗೆರೆ, ಅದಕ್ಕೆ ಉದ್ದ ಇಲ್ಲ, ಪಕ್ಕದಲ್ಲಿ ಯಾರಿದಾರೆ ಅಂತ ಗೊತ್ತಿಲ್ಲ. ಬೇಕಂದ್ರೆ ಸಪ್ಲೈ ವೈರ್‌ಗೆ ಒಂದು ಇಂಡಕ್ಟರ್, ಇನ್‌ಪುಟ್ ಲೂಪ್‌ಗೆ ಇನ್ನೊಂದು ಚಿಕ್ಕದು ಹಾಕಿ ಎರಡಕ್ಕೂ ಸಣ್ಣ ಕಪ್ಲಿಂಗ್ ಕೊಟ್ಟು ನೋಡು, ಇದೇ ಸ್ಪೆಕ್ಟ್ರಮ್ ಬರುತ್ತೆ. ಎಲ್‌ಟಿಸ್ಪೈಸ್‌ನಲ್ಲಿ ಎಫ್‌ಎಫ್‌ಟಿ ತೆಗೆಯೋ ಮುಂಚೆ ಪ್ಲಾಟ್‌ವಿನ್‌ಸೈಜ್ ಸೊನ್ನೆ ಮಾಡೋದು ಮರೀಬೇಡ, ಇಲ್ಲಾಂದ್ರೆ ಡೇಟಾ ಕಂಪ್ರೆಸ್ ಮಾಡ್ಬಿಡುತ್ತೆ, ಆ ಕಂಪ್ರೆಶನ್‌ನ ಕಸವೇ ಡಿಸ್ಟಾರ್ಶನ್ ಹಾಗೆ ಕಾಣುತ್ತೆ. ಟೈಮ್‌ಸ್ಟೆಪ್ಪೂ ಸಣ್ಣದಿರಲಿ.

ಬೆಸುಗೆ_ಪ್ರೇಮಿ

ಕಡ್ಡಿಯಿಂದ ಸರಿಸಿದಾಗ ನಿಜಕ್ಕೂ ಕಣ್ಣೆದುರಿಗೇ 2ನೇದು ಕುಣೀತು! ವೈರ್ ಬೋರ್ಡ್‌ನಿಂದ ಎತ್ತಿ ಹಿಡಿದ್ರೆ -80ಕ್ಕೆ ಹೋಯ್ತು, ಇನ್‌ಪುಟ್ ಪೇರ್ ಮೇಲೆ ಒತ್ತಿದ್ರೆ -60. ಇಷ್ಟು ದಿನ ಪ್ರೀಸೆಟ್ ತಿರುಗಿಸ್ತಾ ಇದ್ದೋನಿಗೆ ಇದನ್ನ ನೋಡಿ ಆದ ಖುಷಿ ಹೇಳತೀರದು.

ಮೂರೂ ವೈರ್ ಹೊಸೆದು ಪವರ್ ಟ್ರಾನ್ಸಿಸ್ಟರ್ ಕಡೆಯಿಂದ ತಂದೆ, ಕಾಯಿಲ್ ತೊಂಬತ್ತು ಡಿಗ್ರಿ ತಿರುಗಿಸಿ ಬೆಸುಗೆ ಹಾಕ್ದೆ. ಈಗ 25 ವ್ಯಾಟ್ 1 ಕಿಲೋಹರ್ಟ್ಸ್‌ನಲ್ಲಿ 2ನೇದು -95, 3ನೇದು -94, 5ನೇದು -98, 7ನೇದು -101. ಟಿಎಚ್‌ಡಿ 0.0031%. ನೆಲಗಂಟು ಸರ್, ತುಂಬಾ ಥ್ಯಾಂಕ್ಸ್.

ಶೇಷತರಂಗ

ಬಹಳ ಚೆನ್ನಾಗಿದೆ! ಈಗ ಕಾಣ್ತಿರೋ 3, 5, 7 ಮೆಲ್ಲಮೆಲ್ಲಗೆ ಇಳೀತಾ ಹೋಗೋದು ನೋಡಿದ್ರೆ ಅದು ಕ್ರಾಸೋವರ್. ಈಗ ನಿಮ್ಮ ಬಯಾಸ್ ಪ್ರೀಸೆಟ್‌ಗೆ ಕೆಲಸ ಇದೆ, ಮುಂಚೆ ಆ 2ನೇದರ ಅಡಿಯಲ್ಲಿ ಇದು ಮುಚ್ಚಿಹೋಗಿತ್ತು.

ಪ್ರತಿ ಎಮಿಟರ್ ರೆಸಿಸ್ಟರ್ ಮೇಲೆ ಸುಮಾರು 26 ಮಿಲಿವೋಲ್ಟ್ ಅನ್ನೋದು ಹಳೇ ಲೆಕ್ಕ, 0.22 ಓಮ್‌ಗೆ 118 ಮಿಲಿಆಂಪ್ ಆಗುತ್ತೆ. ಟ್ರಾನ್ಸಿಸ್ಟರ್ ಒಳಗಿನ ರೆಸಿಸ್ಟೆನ್ಸೂ ಸೇರೋದ್ರಿಂದ ನಿಜವಾದ ಒಳ್ಳೇ ಬಿಂದು ಅದಕ್ಕಿಂತ ಸ್ವಲ್ಪ ಕೆಳಗೇ ಸಿಗುತ್ತೆ. ಜಾಸ್ತಿ ಕೊಟ್ರೆ ಒಳ್ಳೇದು ಅನ್ಕೋಬೇಡಿ, ಎರಡೂ ಒಟ್ಟಿಗೆ ನಡೆಸೋ ಭಾಗದಲ್ಲಿ ಗೇನ್ ಏರಿ ಅಂಚಲ್ಲಿ ಹೊಸ ಮೆಟ್ಟಿಲು ಹುಟ್ಟುತ್ತೆ. ಮಿಲಿವೋಲ್ಟ್ ಮೀಟರ್‌ಗಿಂತ ನನಗೆ ಹಿಡಿಸೋದು ಫಂಡಮೆಂಟಲ್ ನಾಚ್ ಫಿಲ್ಟರ್‌ನಲ್ಲಿ ತೆಗೆದು ಉಳಿದ ತರಂಗವನ್ನ ಸ್ಕೋಪ್‌ನಲ್ಲಿ ನೋಡೋದು. ಎರಡನೇ ಚಾನೆಲ್‌ನಲ್ಲಿ ಔಟ್‌ಪುಟ್ ಸೈನ್ ಇಟ್ರೆ, ಅದು ಝೀರೋ ದಾಟೋ ಜಾಗದಲ್ಲೇ ಉಳಿಕೆಯಲ್ಲಿ ಮುಳ್ಳು ಎದ್ದಿರುತ್ತೆ. ಬಯಾಸ್ ಏರಿಸ್ತಾ ಹೋದ ಹಾಗೆ ಮುಳ್ಳು ಕುಗ್ಗಿ ಚಪ್ಪಟೆಯಾಗುತ್ತೆ, ಇನ್ನೂ ಏರಿಸಿದ್ರೆ ಎರಡೂ ಪಕ್ಕ ಉಬ್ಬು ಬರುತ್ತೆ. ಹೀಟ್‌ಸಿಂಕ್ ಬಿಸಿಯಾದ ಮೇಲೆ ಮಾಡಿ, ತಣ್ಣಗಿದ್ದಾಗ ಇಟ್ಟ ಬಯಾಸ್ ಬಿಸಿಯಲ್ಲಿ ನಿಲ್ಲಲ್ಲ.

ಬೆಸುಗೆ_ಪ್ರೇಮಿ

ಮಾಡ್ತೀನಿ ಮೇಡಂ. 10 ಕಿಲೋಹರ್ಟ್ಸೂ ನೋಡಿದೆ, 48 ಕಿಲೋಹರ್ಟ್ಸ್ ಸ್ಯಾಂಪಲಿಂಗ್‌ನಲ್ಲಿ ಟಿಎಚ್‌ಡಿ 0.002%, 1 ಕಿಲೋಹರ್ಟ್ಸ್‌ಗಿಂತ ಒಳ್ಳೇದು ಬಂತು. ನಂಬೋದಾ?

ಗುಂಯ್50

ನಂಬಬೇಡಿ. 48ರಲ್ಲಿ 24 ಕಿಲೋಹರ್ಟ್ಸ್‌ವರೆಗೆ ಮಾತ್ರ ಕಾಣೋದು, 10ರ 2ನೇ ಹಾರ್ಮೋನಿಕ್ 20ರಲ್ಲಿ ಸಿಗುತ್ತೆ, 3ನೇದು 30, ಅದು ಹೊರಗೇ ಹೋಯ್ತು. ನಿಮ್ಮ ಆಂಪ್‌ನಲ್ಲಿ ಈಗ ಉಳಿದಿರೋದೇ 3, 5, 7! 192 ಇಟ್ಟು ಅಳೀರಿ, ಜಾಸ್ತಿನೇ ಬರುತ್ತೆ, ಗಾಬರಿ ಬೇಡ. ಮಿಲ್ಲರ್ ಕೆಪಾಸಿಟರ್ (ಆಂಪ್ ತಾನೇ ಆಸಿಲೇಟ್ ಆಗದ ಹಾಗೆ ವಿಎಎಸ್‌ಗೆ ಹಾಕೋದು) ಇರೋ ಆಂಪಲ್ಲಿ ಫ್ರೀಕ್ವೆನ್ಸಿ ಎರಡು ಪಟ್ಟಾದಾಗ ಲೂಪ್ ಗೇನ್ 6 ಡಿಬಿ ಕಳ್ಕೊಳ್ಳುತ್ತೆ, ಅಷ್ಟು ತಿದ್ದುವ ಶಕ್ತಿ ಹೋಗುತ್ತೆ.

192 ಇಲ್ಲದಿದ್ರೆ 19 ಮತ್ತೆ 20 ಕಿಲೋಹರ್ಟ್ಸ್ ಎರಡೂ ಸಮ ಲೆವೆಲ್‌ನಲ್ಲಿ ಒಟ್ಟಿಗೆ ಕೊಡಿ. ಸಮ ಬಗೆಯ ಬಾಗು ಇದ್ರೆ ವ್ಯತ್ಯಾಸದ 1 ಕಿಲೋಹರ್ಟ್ಸ್ ಕಾಣುತ್ತೆ, ಬೆಸ ಬಗೆಯದಿದ್ರೆ 18 ಮತ್ತೆ 21. ಮೂರೂ 24ರ ಒಳಗೇ ಇವೆ, 48ರಲ್ಲೇ ಸಿಗುತ್ತೆ. ಒಟ್ಟು ಪೀಕ್ 20 ವೋಲ್ಟ್ ದಾಟದ ಹಾಗೆ ನೋಡ್ಕೊಳಿ, ಮುಂಚಿನ 25 ವ್ಯಾಟ್‌ದೇ ಪೀಕ್ ಅದು, ಆಗ ಹೋಲಿಸೋಕೆ ಬರುತ್ತೆ.

ಬೆಸುಗೆ_ಪ್ರೇಮಿ

192ರಲ್ಲಿ 10 ಕಿಲೋಹರ್ಟ್ಸ್ ಟಿಎಚ್‌ಡಿ 0.022%. ಎರಡು ಟೋನ್ ಕೊಟ್ಟಾಗ 1 ಕಿಲೋಹರ್ಟ್ಸ್ -97, 18 ಮತ್ತೆ 21 ಎರಡೂ -79 ಹತ್ರ. ಬಿಸಿಯಲ್ಲಿ ಬಯಾಸ್ 23 ಮಿಲಿವೋಲ್ಟ್‌ಗೆ ಇಟ್ಟಾಗ ಅವೆರಡು -83ಕ್ಕೆ ಇಳಿದ್ವು, 26ರಲ್ಲಿ ಮತ್ತೆ ಮೇಲೆದ್ವು.

ನೆಲಗಂಟು

23ಕ್ಕ ಬಿಡ್ರಿ. ಇನ್ನೊಂದು ಕೇಳ್ತೀನಿ, ಫೀಡ್‌ಬ್ಯಾಕ್ ಟ್ರ್ಯಾಕ್ ಎಲ್ಲಿಂದ ತಗೊಂಡೀರಿ? ಎರಡೂ ಎಮಿಟರ್ ರೆಸಿಸ್ಟರ್ ಸೇರೋ ಗಂಟಿನ ನಡುವಿನಿಂದನೋ, ಮ್ಯಾಲಿನ ರೆಸಿಸ್ಟರ್ ಕಾಲಿನ ಹತ್ತಿರದಿಂದನೋ? ಕಾಲಿನ ಹತ್ತಿರ ಇದ್ರ ಅಲ್ಲಿಯ ಒಂದು ಮಿಲಿಓಮ್‌ಗಿಂತ ಕಡಿಮಿ ಇರೋ ತಾಮ್ರದಾಗೂ ಅರ್ಧ ಸೈಕಲ್ ಕರೆಂಟ್ ಹರಿತೈತಿ, 1 ಕಿಲೋಹರ್ಟ್ಸ್‌ನ ನಿಮ್ಮ ಆ -95ರ 2ನೇದು ಅಲ್ಲಿಂದ ಬಂದಿರಬಹುದು. ಬೋರ್ಡಿನ ಕೆಳಗಿನ ಬದಿ ಫೋಟೋ ಹಾಕ್ರಿ, ನೋಡಿ ಹೇಳ್ತೀನಿ.